ಎಲ್ಲ ಇದ್ರಲ್ಲೇ ಇದ್ದು

ಮೇಡಂ ತೀರಿಕೊಂಡ ಮೇಲೆ ಸಾಗರದಲ್ಲಿ ಒಂದು ಶ್ರದ್ಧಾಂಜಲಿ ಸಭೆ ನಡೆಯಿತು. ಮಾತಾಡಿದವರೆಲ್ಲ ಅವರನ್ನು ಸದಾ ಹಸನ್ಮುಖಿ ಅಂದರು. ಅವರ ಕೈಕೆಳಗೆ ಕೆಲಸ ಮಾಡಿದವನು ನಾನು. ಅವರು ನಗುವುದನ್ನು ನೋಡಬೇಕಾದರೆ ಕರೆಂಟು ಹೋಗಬೇಕಿತ್ತು. ಆಗ ಚೀಲದಿಂದ ಟಾರ್ಚ್ ತೆಗೆದು, ನನ್ನ ಮುಖಕ್ಕೇ ಬೆಳಕು ಬಿಟ್ಟು, ಗೆದ್ದವರ ಹಾಗೆ ನಗುತ್ತಿದ್ದರು. ಉಳಿದ ಹೊತ್ತಿನಲ್ಲಿ ಅವರ ಮುಖ ಪರೀಕ್ಷೆಯ ದಿನದ ಶಾಲೆಯಂತಿರುತ್ತಿತ್ತು.

ಕೊನೆಗೆ ಸಭೆ ನಡೆಸುತ್ತಿದ್ದ ಹಿರಿಯರ ಕಣ್ಣಿಗೆ ನಾನು ಬಿದ್ದೆ. ಊರಿಗೆಲ್ಲ ಗೊತ್ತಿರುವ ಅಣಕಿಗ ನಾನು. ಪುರೋಹಿತರು, ಬಸ್ಸಿನ ಕಂಡಕ್ಟರು, ನಮ್ಮ ಕಾಲೇಜಿನ ಪ್ರಿನ್ಸಿಪಾಲರು, ಸ್ವಂತ ಅಪ್ಪ, ಯಾರನ್ನೂ ಬಿಟ್ಟವನಲ್ಲ. ನನ್ನನ್ನೇ ನಾನು ಅಣಕಿಸಿ ತೋರಿಸಿದ್ದೂ ಇದೆ. ಅದೊಂದು ಮಾತ್ರ ಅಷ್ಟು ಚೆನ್ನಾಗಿ ಬರುವುದಿಲ್ಲ ಎಂದು ಗೆಳೆಯರ ಅಭಿಪ್ರಾಯ.

"ಅವರದ್ದೊಂದು ದನಿ ಮಾಡೋ ಮಾರಾಯ. ಕೇಳಿ ಸುಮಾರು ದಿನ ಆಯ್ತು" ಅಂದರು ಹಿರಿಯರು.

ಎದ್ದು ನಿಂತೆ. ಮೊದಲು, ಹೆಗಲಿನ ಚೀಲವನ್ನು ಹೊಟ್ಟೆಯ ಮೇಲೆ ಎಳೆದುಕೊಂಡು, ಕಣ್ಣನ್ನು ಎದುರಿನವರ ಮೇಲೇ ನೆಟ್ಟು, ಒಳಗೆ ಕೈಯಾಡಿಸಿ ಬೇಕಾದದ್ದನ್ನು ಎತ್ತುವ ಅವರ ಭಂಗಿ ಮಾಡಿದೆ. ಸಭೆ ನಕ್ಕಿತು. ಒಬ್ಬಿಬ್ಬರು ಕಣ್ಣೊರೆಸಿಕೊಂಡರು. ಆಮೇಲೆ ಬಾಯಿ ತೆರೆದೆ. ಬಂದದ್ದು ಪ್ರಿನ್ಸಿಪಾಲರ ದನಿ. ಇನ್ನೊಮ್ಮೆ ತೆರೆದೆ. ಮತ್ತೆ ಪ್ರಿನ್ಸಿಪಾಲರೇ. ಬೇಕಾದದ್ದು ಸಿಗದಿದ್ದಾಗ ಗಂಟಲು ಮೊದಲಿನಿಂದ ಒಳಗೆ ಕೂತಿದ್ದ ಹಳೇ ಸರಕನ್ನೇ ಮುಂದೆ ತಳ್ಳುತ್ತದೆ. ಇದು ನನ್ನ ಗಂಟಲಿಗೆ ಮಾತ್ರ ಇರುವ ರೋಗವಲ್ಲ ಎಂದು ಮೇಡಂಗೂ ನನಗೂ ಒಂದು ಸಲ ತೀರ್ಥಹಳ್ಳಿಯಲ್ಲಿ ಗೊತ್ತಾಗಿತ್ತು. ಅವತ್ತು ಸವಿತಾ ಎಂಬ ಹುಡುಗಿಯ ಪರೀಕ್ಷೆ.

ಮೊದಲು ನಮ್ಮ ಕೆಲಸ ಏನು ಎಂದು ಹೇಳಿಬಿಡುತ್ತೇನೆ. ಸಾಗರದ ಬಸ್ ಸ್ಟ್ಯಾಂಡಿಗೆ ಹತ್ತಿರ, ಒಂದು ಟೈಲರ್ ಅಂಗಡಿಯ ಮೇಲಿನ ಕೋಣೆ ನಮ್ಮ ಕಚೇರಿ. ಕಂಪ್ಯೂಟರು ಪರದೆಯ ಮೇಲಿರುವುದನ್ನು ಕಣ್ಣು ಕಾಣದವರಿಗೆ ಕನ್ನಡದಲ್ಲಿ ಓದಿ ಹೇಳುವ ಹಾಗೆ ಮಾಡಿಕೊಡುತ್ತಿದ್ದೆವು. ಅಂಥ ತಂತ್ರಾಂಶ ಒಂಟಿಯಾಗಿ ಬಂದು ಕೂರುವುದಿಲ್ಲ. ಪರದೆಯನ್ನು ನೋಡುವವನು ಒಬ್ಬ, ನೋಡಿದ್ದಕ್ಕೆ ದನಿ ಕೊಡುವವನು ಇನ್ನೊಬ್ಬ, ಇಬ್ಬರ ನಡುವೆ ಅಕ್ಷರ ಹೊತ್ತು ತಿರುಗುವವನು ಮತ್ತೊಬ್ಬ. ಒಬ್ಬ ಇಲ್ಲದಿದ್ದರೂ ಉಳಿದವರು ಕೈಕಟ್ಟಿ ಕೂರುತ್ತಾರೆ. ಇವರನ್ನೆಲ್ಲ ಕಂಪ್ಯೂಟರಿನೊಳಗೆ ಒಯ್ದು ಕೂರಿಸುವುದು ಇನ್‌ಸ್ಟಾಲರ್. ಅದು ಎಲ್ಲರನ್ನೂ ತನ್ನ ಜೊತೆಯಲ್ಲೇ ಕರೆದುಕೊಂಡು ಹೋಗಬೇಕೋ, ಇಲ್ಲಾ ಹೋದ ಕಡೆ ಇದ್ದವರನ್ನೇ ಬಳಸಿಕೊಂಡು, ಇಲ್ಲದವರನ್ನು ಇಂಟರ್‌ನೆಟ್ಟಿನಿಂದ ಕರೆಸಿಕೊಳ್ಳಬೇಕೋ? ನಾನು ಕೆಲಸಕ್ಕೆ ಸೇರಿದ ವಾರವೇ ನಮ್ಮಿಬ್ಬರ ನಡುವೆ ಈ ಜಗಳ ಹುಟ್ಟಿ, ಕೊನೆಯವರೆಗೂ ಸಾಯಲಿಲ್ಲ.

ಮೇಡಂ ಜೊತೆಯಲ್ಲೇ ಒಯ್ಯುವ ಪಂಗಡ. ಅವರ ಇನ್‌ಸ್ಟಾಲರಿನ ಹೆಸರೇ 'ಬುತ್ತಿ'. ಅವರ ಚೀಲವೂ ಅದೇ ಜಾತಿಯದು. ಟಾರ್ಚು, ಮೇಣದಬತ್ತಿ, ಸ್ಕ್ರೂಡ್ರೈವರು, ಉದ್ದನೆಯ ವೈರು, ಉಪ್ಪಿನಕಾಯಿಯ ಪುಟ್ಟ ಡಬ್ಬಿ, ಒಂದು ಸ್ಟೀಲ್ ಲೋಟ. ಯಾರ ಮನೆಗೆ ಹೋದರೂ ನೀರು ಅವರದು, ಲೋಟ ಇವರದು. ಹೋದಲ್ಲಿ ಸಿಗುತ್ತದೆ ಎಂದು ನಂಬಿ ಹೊರಡುವವನು ದಾರಿಯಲ್ಲೇ ಉಪವಾಸ ಎನ್ನುವುದು ಅವರ ಮಾತು.

ಈ ಹಟದ ಹಿಂದೆ ಬ್ಯಾಕೋಡಿನ ಕಡೆಯ, ಕಣ್ಣು ಕಾಣದ ಒಬ್ಬರು ಹಿರಿಯರಿದ್ದರು. ಆಗಿನ್ನೂ ಹಿನ್ನೀರು ದಾಟಲು ಲಾಂಚಿಗೆ ಕಾಯಬೇಕಿದ್ದ ಕಾಲ. ಬೇರೆ ಎಲ್ಲೋ ತಯಾರಾದ ಒಂದು ಸಣ್ಣ ಇನ್‌ಸ್ಟಾಲರನ್ನು ಮೇಡಂ ಆ ಹಿರಿಯರಿಗೆ ಕೊಟ್ಟು ಬಂದಿದ್ದರು. ಅದು ಅರ್ಧಕ್ಕೆ ನಿಂತು, ದನಿಯ ಭಾಗ ಸಿಗುತ್ತಿಲ್ಲ, ತಂದು ಹಾಕಿ ಎಂದು ಪರದೆಯ ಮೇಲೆ ಬರೆದು ತೋರಿಸಿತು. ದನಿ ಇಲ್ಲ ಎನ್ನುವುದನ್ನು ಅವರಿಗೆ ಹೇಳಬೇಕಾದರೂ ದನಿ ಬೇಕಲ್ಲ. ಕಂಪ್ಯೂಟರು ಇನ್ನೂ ಕೆಲಸ ಮಾಡುತ್ತಿದೆ ಎಂದುಕೊಂಡು ಅವರು ಊಟಕ್ಕೂ ಏಳದೆ ಸಂಜೆಯ ತನಕ ಅದರ ಎದುರು ಕೂತಿದ್ದರಂತೆ. ಮಾರನೆಯ ದಿನ ಮೇಡಂ ಹೋದಾಗ, ತಾನೇ ಏನೋ ತಪ್ಪು ಒತ್ತಿದೆ ಎಂದು ಅವರೇ ಕ್ಷಮೆ ಕೇಳಿದರಂತೆ. ಇದನ್ನು ಹೇಳುವಾಗ ಮೇಡಂ ನನ್ನ ಕಡೆ ನೋಡುತ್ತಿರಲಿಲ್ಲ.

ನನ್ನ ವಾದವೂ ಸುಮ್ಮನೆ ಬಂದದ್ದಲ್ಲ. ಊರಿಗೊಂದು ಬಾವಿ ಇದ್ದರೆ, ಹುಳ ಬಿದ್ದಾಗ ಆ ಒಂದು ಬಾವಿ ತೊಳೆದರೆ ಮುಗಿಯಿತು. ಮನೆಮನೆಗೆ ಹಂಡೆ ತುಂಬಿಸಿ ಕೊಟ್ಟಿರೋ, ಕೆಟ್ಟ ನೀರು ಯಾರ ಯಾರ ಹಂಡೆಯಲ್ಲಿ ಉಳಿದಿದೆ ಎಂದು ಹುಡುಕಿಕೊಂಡು ತಿರುಗಬೇಕು. ಬುತ್ತಿಯೊಳಗಿನ ದನಿಯಲ್ಲಿ ಒಂದು ದೋಷ ಸಿಕ್ಕಿತು ಅನ್ನಿ. ನಾವು ಸಾಗರದಲ್ಲಿ ಕೂತು ಸರಿ ಮಾಡಬಹುದು, ಆದರೆ ಈಗಾಗಲೇ ಕೊಟ್ಟ ಬುತ್ತಿಗಳ ಗತಿ ಏನು? ಹಳೇದು ಹಾಗೇ ಉಳಿದುಬಿಡುತ್ತದೆ ಮೇಡಂ ಎಂದು ದಿನಕ್ಕೊಮ್ಮೆ ಅನ್ನುತ್ತಿದ್ದೆ.

ಒಂದು ದಿನ ಅವರು ಕೆರಳಿದರು. "ಯಕ್ಷಗಾನದ ಮೇಳ ಹೊರಟಾಗ, ಚೆಂಡೆ ಆ ಊರಲ್ಲೇ ಸಿಗತ್ತೆ ಅಂತ ಕೈಬೀಸ್ಕಂಡು ಹೋಗ್ತಾರನೋ?"

"ಚೆಂಡೆ ಹೊತ್ಕಂಡು ಹೋಗ್ತಾರೆ ಮೇಡಂ. ರಂಗಸ್ಥಳದ ನೆಲಾನೂ ಕಿತ್ಕಂಡು ಹೋಗಲ್ಲ" ಅಂದೆ, ಅವರದೇ ದನಿಯಲ್ಲಿ.

ಆಗ ಅವರ ದನಿ ನನಗೆ ಬರುತ್ತಿತ್ತು. ಎದುರಿಗೇ ಇದ್ದರಲ್ಲ. ಮೇಡಂ ಎರಡು ದಿನ ನನ್ನ ಜೊತೆ ಮಾತು ಬಿಟ್ಟರು. ಮೂರನೆಯ ದಿನ ಕರೆಂಟು ಹೋಯಿತು, ಟಾರ್ಚು ಹೊತ್ತಿತು, ನಗು ಬಂತು.

ನನ್ನನ್ನು ಕೆಲಸಕ್ಕೆ ಇಟ್ಟುಕೊಂಡದ್ದೇ ಈ ಗಂಟಲಿನ ಸಲುವಾಗಿ. ಬ್ಯಾಕೋಡಿನ ಅನುಭವದ ಮೇಲೆ ಮೇಡಂ ಒಂದು ತೀರ್ಮಾನಕ್ಕೆ ಬಂದಿದ್ದರು: ಇನ್‌ಸ್ಟಾಲರ್ ತಾನೇ ಮಾತಾಡಬೇಕು, ಅದೂ ಮನುಷ್ಯರ ದನಿಯಲ್ಲಿ, ಮೊದಲೇ ಮುದ್ರಿಸಿಟ್ಟ ಮಾತಿನಲ್ಲಿ. ಕೆಳಗಿನ ಟೈಲರ್ ಊಟಕ್ಕೆ ಹೋಗಿ ಹೊಲಿಗೆ ಯಂತ್ರಗಳ ಸದ್ದು ನಿಂತಾಗ ನಮ್ಮ ಧ್ವನಿಮುದ್ರಣ. ನಾನು ಹೊಸನಗರ ರೂಟಿನ ಕಂಡಕ್ಟರ್ ಒಬ್ಬರ ದನಿ ಎತ್ತಿಕೊಂಡೆ. ಶುರುವಾದಾಗ "ಹತ್ತಿ ಹತ್ತಿ, ಒಳಗೆ ಜಾಗ ಇದೆ." ನಡುವೆ "ಅರ್ಧ ದಾರಿ ಆಯ್ತು, ಹಿಂದಿನೋರು ಮುಂದೆ ಬನ್ನಿ." ಮುಗಿದಾಗ "ಸ್ಟಾಪ್ ಬಂತು, ಇಳಿಯೋರು ಎಂಟರ್ ಒತ್ತಿ." ಮೇಡಂ ಹಣೆ ಗಂಟಿಕ್ಕಿಕೊಂಡೇ ಒಪ್ಪಿದರು. ಆದರೆ ಮೊಟ್ಟಮೊದಲ ಮಾತು ತಮಾಷೆಯದಾಗಕೂಡದು, ಅದನ್ನು ತಾವೇ ಆಡುತ್ತೇನೆ ಎಂದು ಮೈಕಿನ ಎದುರು ಕೂತರು.

ಕೂತರೋ ಇಲ್ಲವೋ, ರೈಲ್ವೆ ಸ್ಟೇಷನ್ ಶುರುವಾಯಿತು. ದಯವಿಟ್ಟು ಗಮನಿಸಿ, ತಾವು ಭಯಪಡುವ ಅಗತ್ಯವಿರುವುದಿಲ್ಲ, ಸದರಿ ತಂತ್ರಾಂಶದಲ್ಲಿ ಸಕಲ ಭಾಗಗಳೂ ಅಡಕವಾಗಿರುತ್ತವೆ. ನಾನು ಹಿಂದಿನಿಂದ ರೈಲಿನ ಸಿಳ್ಳು ಹಾಕಿದೆ. ಪಕ್ಕದಲ್ಲಿ ಸವಿತಾ ಕೂತಿದ್ದಳು.

ಸವಿತಾ ಹೊಸನಗರದ ಹತ್ತಿರದ ಹಳ್ಳಿಯ ಹುಡುಗಿ. ಹುಟ್ಟಿದಾಗಿನಿಂದ ಕಣ್ಣು ಕಾಣುವುದಿಲ್ಲ. ನಮ್ಮ ಪ್ರತಿ ಇನ್‌ಸ್ಟಾಲರನ್ನೂ ಮೊದಲು ಹಾಕಿ ನೋಡಿ, ಎಲ್ಲಿ ಎಡವಿತು ಎಂದು ಮುಖದ ಮೇಲೆ ಹೊಡೆದಂತೆ ಹೇಳುತ್ತಿದ್ದವಳು ಅವಳೇ. ಅವತ್ತು ಅವಳ ಲ್ಯಾಪ್‌ಟಾಪಿನಲ್ಲಿ ಏನೋ ಕೀಕ್ ಅಂದಿತು. ಅವಳು ಬೆಚ್ಚಿ ಕೈ ಹಿಂದೆಗೆದಳು. ಮೇಡಂ ಮೈಕನ್ನು ಮರೆತು ಅವಳ ಕಡೆ ತಿರುಗಿ, ತಮ್ಮ ಮನೆಮಾತಿನಲ್ಲಿ, "ಹೆದ್ರಡ, ಎಲ್ಲ ಇದ್ರಲ್ಲೇ ಇದ್ದು" ಅಂದರು.

ಹೆದರಬೇಡ, ಎಲ್ಲ ಇದರಲ್ಲೇ ಇದೆ. ಅಷ್ಟೇ. ಕೆಳಗೆ ಟೈಲರ್ ಊಟ ಮುಗಿಸಿ ಬಂದು ಯಂತ್ರ ತುಳಿಯಲು ಶುರು ಮಾಡಿದ. ಮುದ್ರಣ ನಿಲ್ಲಿಸಿದೆ. ಆ ಮಾತನ್ನೇ ಇಡೋಣ ಎಂದು ನಾನೂ ಸವಿತಾಳೂ ಹಟ ಹಿಡಿದೆವು.

"ಮೇಡಂ ಸಿಟ್ಟು ಬಂದ್ರೂ 'ಇದ್ದು' ಅಂತಾರೆ, ಪ್ರೀತಿ ಬಂದ್ರೂ 'ಇದ್ದು' ಅಂತಾರೆ. ಒಳಗಿಂದ ಬಂದ ಮಾತಷ್ಟೇ ಹಾಗೆ ಬರೋದು" ಅಂದಳು ಸವಿತಾ.

ಮೇಡಂ ಸೋತರು.

ಇನ್ನೊಮ್ಮೆ ಸೋತದ್ದು ಸವಿತಾಳ ಅಜ್ಜಿಯ ಎದುರು. ಅವರ ಮನೆಗೆ ಹೋಗಿದ್ದೆವು. ಅಜ್ಜಿ ತಂಬಿಗೆಯಲ್ಲಿ ನೀರು, ತೊಳೆದ ಲೋಟ ತಂದಿಟ್ಟರು. ಮೇಡಂ ಅಭ್ಯಾಸದಂತೆ ಚೀಲಕ್ಕೆ ಕೈ ಹಾಕಿ ತಮ್ಮ ಲೋಟ ತೆಗೆದರು. ಅಜ್ಜಿ ಅದನ್ನೇ ನೋಡುತ್ತ ನಿಂತರು. ಆಮೇಲೆ ಮೆಲ್ಲಗೆ ಕೇಳಿದರು. "ನಮ್ಮನೇಲಿ ಲೋಟ ಇಲ್ಲ ಅಂದ್ಕಂಡ್ರಾ ಅಮ್ಮ?"

ಮೇಡಂ ಯಾವ ಮನೆಯವರು, ಅಜ್ಜಿ ಯಾವ ಮನೆಯವರು, ಆ ಪ್ರಶ್ನೆಯ ಕೆಳಗೆ ಎಷ್ಟು ವರ್ಷದ ನೀರು ಹರಿದಿದೆ ಎನ್ನುವುದು ನಮ್ಮ ಕಡೆಯವರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಮೇಡಂ ಮುಖ ಕೆಂಪಾಯಿತು. ಲೋಟ ಚೀಲಕ್ಕೆ ವಾಪಸ್ ಹೋಯಿತು. ಅಜ್ಜಿ ಕೊಟ್ಟ ಲೋಟದಲ್ಲಿ ನೀರು ಕುಡಿದು, ಇನ್ನೊಂದು ಲೋಟ ಕೇಳಿ ಕುಡಿದರು. ಮಾರನೆಯ ದಿನ ಬಂದು, ಬುತ್ತಿಯೊಳಗೆ ಒಂದು ಸಾಲು ಬರೆದರು. ನಾನು ಹೇಳಿದ್ದಕ್ಕಲ್ಲ, ಅಜ್ಜಿ ಹೇಳಿದ್ದಕ್ಕೆ. ಆ ಸಾಲಿನ ಅರ್ಥ ಇಷ್ಟು: ಬೇಕಾದದ್ದು ಆ ಕಂಪ್ಯೂಟರಿನಲ್ಲಿ ಮೊದಲೇ ಇದ್ದರೆ ಅದನ್ನೇ ಬಳಸು, ನಮ್ಮದನ್ನು ಇಳಿಸಬೇಡ.

"ಇದ್ದದ್ದನ್ನ ಬೇಡ ಅನ್ನೋದು ಸೊಕ್ಕು" ಅಂದರು. ನಾನು ಗೆದ್ದೆ ಎಂದುಕೊಂಡು ಕೆಳಗೆ ಹೋಗಿ ಟೈಲರಿಗೂ ಚಹಾ ಕುಡಿಸಿದೆ.

ಅದಾಗಿ ಸ್ವಲ್ಪ ದಿನಕ್ಕೆ ಸವಿತಾಳಿಗೆ ಪರೀಕ್ಷೆಯ ಕರೆ ಬಂತು. ಒಂದು ಸಹಕಾರ ಸಂಘ, ಸದಸ್ಯರು ಫೋನು ಮಾಡಿದಾಗ ಮಾಹಿತಿ ಕೊಡುವ ಕೆಲಸ. ಪರೀಕ್ಷೆ ತೀರ್ಥಹಳ್ಳಿಯ ಒಂದು ಕಂಪ್ಯೂಟರ್ ಸೆಂಟರಿನಲ್ಲಿ. ಹಿಂದೊಮ್ಮೆ ಬೇರೆ ಕಡೆ ಪರೀಕ್ಷೆಗೆ ಹೋಗಿದ್ದಾಗ, ಅವಳ ಪರವಾಗಿ ಬರೆಯಲು ಬಂದವನು ಅವಳು ಹೇಳಿದ್ದನ್ನು ಬಿಟ್ಟು ತನಗೆ ಸರಿ ಕಂಡದ್ದಕ್ಕೆ ಗುರುತು ಹಾಕಿದ್ದ. ಫೇಲಾದದ್ದು ಅವನು, ಹೆಸರು ಮಾತ್ರ ನಂದು ಅನ್ನುತ್ತಿದ್ದಳು ಸವಿತಾ. ಈ ಸಲ ನಾನೇ ಕೇಳಿ ನಾನೇ ಬರೆಯುತ್ತೇನೆ ಎಂದು ಸಂಘಕ್ಕೆ ಹೇಳಿಕೊಂಡಳು. ಅವರು ಒಪ್ಪಿ ಷರತ್ತು ಹಾಕಿದರು. ತಂತ್ರಾಂಶವನ್ನು ನೀವೇ ತಂದು, ಒಂದು ಗಂಟೆ ಮುಂಚೆ ಬಂದು ಹಾಕಿಕೊಳ್ಳಿ. ಇಂಟರ್‌ನೆಟ್ ಕೊಡುವುದಿಲ್ಲ. ಗಂಟೆ ಹೊಡೆದ ಮೇಲೆ ಹೊರಗಿನವರು ಕಂಪ್ಯೂಟರ್ ಮುಟ್ಟುವಂತಿಲ್ಲ. ಕೈಕೊಟ್ಟರೆ ಬರೆಯುವವರು ಒಬ್ಬರನ್ನು ಇಟ್ಟಿರುತ್ತೇವೆ.

ಬೆಳಿಗ್ಗೆ ಸಾಗರದಿಂದ ಬಸ್ಸು ಹತ್ತಿದೆವು. ಹೊಸನಗರದಲ್ಲಿ ಸವಿತಾ ಹತ್ತಿದಳು. ಕಂಡಕ್ಟರ್ ಬಾಯಿ ಬಿಟ್ಟದ್ದೇ ತಡ, "ಅಣ್ಣಾ, ನಿಮ್ಮ ಗುರುಗಳು" ಎಂದು ನನ್ನನ್ನು ತಿವಿದಳು. ಮೇಡಂ ಮಾತ್ರ ದಾರಿಯುದ್ದಕ್ಕೂ ಚೀಲವನ್ನು ಅಪ್ಪಿಕೊಂಡು ಕೂತಿದ್ದರು.

ಸೆಂಟರಿನಲ್ಲಿ ಸಂಘದ ಅಧಿಕಾರಿ ಒಬ್ಬರು ಸೌಜನ್ಯದಿಂದಲೇ ಬರಮಾಡಿಕೊಂಡರು. ಮೂಲೆಯ ಕಂಪ್ಯೂಟರು ನಮಗೆ. ಅದರ ಪಕ್ಕದಲ್ಲಿ, ಬೇಕಾದರೆ ಬರೆದುಕೊಡಲು, ಒಬ್ಬಳು ಕಾಲೇಜು ಹುಡುಗಿ ಪೆನ್ನು ಹಿಡಿದು ತಪ್ಪು ಮಾಡಿದವಳಂತೆ ಕೂತಿದ್ದಳು. ಮೇಡಂ ಪೆನ್‌ಡ್ರೈವ್ ಹಾಕಿದರು. ಹೆದ್ರಡ, ಎಲ್ಲ ಇದ್ರಲ್ಲೇ ಇದ್ದು. ಸವಿತಾ ಎಂಟರ್ ಒತ್ತಿದಳು. ಹತ್ತಿ ಹತ್ತಿ, ಒಳಗೆ ಜಾಗ ಇದೆ. ನಾನು ಎದೆಯುಬ್ಬಿಸಿ ಸುತ್ತ ನೋಡುವಷ್ಟರಲ್ಲಿ ಸ್ಟಾಪ್ ಬಂತು.

ನನಗೆ ಸಂತೋಷವಾಯಿತು. ಮೇಡಂಗೆ ಆಗಲಿಲ್ಲ.

"ಅರ್ಧ ದಾರಿ ಎಲ್ಲಿ ಹೋಯ್ತು?" ಅಂದರು.

ಇಷ್ಟು ಬೇಗ ಮುಗಿಯಿತೆಂದರೆ ಬುತ್ತಿ ಏನನ್ನೂ ಇಳಿಸಿಲ್ಲ, ಅಲ್ಲಿದ್ದದ್ದನ್ನೇ ಬಳಸಿಕೊಂಡಿದೆ ಎಂದರ್ಥ. ಒಳ್ಳೆಯದಲ್ಲವೇ, ಅದಕ್ಕೇ ತಾನೇ ಆ ಸಾಲು ಬರೆದದ್ದು ಎಂದೆ. ಅವರು ಮಾದರಿ ಪ್ರಶ್ನೆಗಳನ್ನು ತೆರೆದರು. ದನಿ ಓದಿತು. ಮೊದಲ ಪ್ರಶ್ನೆ ಸರಿ. ಎರಡನೆಯದೂ ಸರಿ. ಮೂರನೆಯದು ಉದ್ದದ ಪ್ರಶ್ನೆ. ಸದಸ್ಯರೊಬ್ಬರು ಫೋನು ಮಾಡಿ ಹೀಗೆ ಹೀಗೆ ಕೇಳಿದರೆ, ಎಂದು ಶುರುವಾಗಿ ನಡುವೆ ಒಂದು ಕಡೆ ನಿಂತಿತು.

ಪರದೆಯ ಮೇಲೆ ಇನ್ನೂ ಎರಡು ಸಾಲು ಇತ್ತು. ದನಿ ಇರಲಿಲ್ಲ.

"ಪ್ರಶ್ನೆ ಮುಗೀತಾ?" ಅಂದಳು ಸವಿತಾ.

ಮೇಡಂ ನನ್ನನ್ನು ನೋಡಿದರು. ನಾನು ಅವರನ್ನು ನೋಡಿದೆ. ನಮಗೆ ಅದು ದೋಷವೆಂದು ಕಾಣುತ್ತಿತ್ತು. ಅವಳಿಗೆ ಅದು ಪೂರ್ಣವಿರಾಮ. ಅರ್ಧ ಪ್ರಶ್ನೆ ಕೇಳಿ, ಪೂರ್ತಿ ಕೇಳಿದೆನೆಂದು ನಂಬಿ, ತಪ್ಪು ಉತ್ತರಕ್ಕೆ ಗುರುತು ಹಾಕಿ, ಗೆದ್ದೆ ಎಂದುಕೊಂಡು ಅವಳು ಎದ್ದು ಬರುತ್ತಿದ್ದಳು.

ಈ ರೋಗ ನಮಗೆ ಗೊತ್ತಿತ್ತು. ಉದ್ದದ ವಾಕ್ಯದಲ್ಲಿ ದನಿ ನಿಂತುಹೋಗುವುದು ನಮ್ಮ ಬಹಳ ಹಿಂದಿನ ಬುತ್ತಿಯ ಕಾಯಿಲೆ. ನಾವೇ ಸರಿಪಡಿಸಿ ಎಷ್ಟೋ ಕಾಲವಾಗಿತ್ತು. ಅದು ಇಲ್ಲಿಗೆ ಹೇಗೆ ಬಂತು ಎಂದು ಕಂಪ್ಯೂಟರಿನೊಳಗೆ ಹುಡುಕಿದೆ. ಸಿಕ್ಕಿತು. ಫೋಲ್ಡರಿನ ಹೆಸರು 'ಬುತ್ತಿ'.

ವರ್ಷಗಳ ಹಿಂದೆ, ನಾನಿನ್ನೂ ಕಾಲೇಜಿನಲ್ಲಿ ಪ್ರಿನ್ಸಿಪಾಲರನ್ನು ಅಣಕಿಸುತ್ತಿದ್ದಾಗ, ಮೇಡಂ ಇದೇ ಸೆಂಟರಿನಲ್ಲಿ ಒಂದು ತರಬೇತಿ ನಡೆಸಿದ್ದರು. ಆಗ ತಾವೇ ಕೈಯಾರೆ ಹಾಕಿಹೋದದ್ದು. ಯಾರ ಮನೆಯ ಊಟವನ್ನೂ ನಂಬದವರು ಜೀವನದಲ್ಲಿ ಮೊದಲ ಸಲ ನಂಬಿ ಕೂತರು, ಎಲೆಗೆ ಬಂದದ್ದು ತಮ್ಮದೇ ಹಳಸಿದ ಬುತ್ತಿ. ಬೇರೆ ದಿನವಾಗಿದ್ದರೆ ನಾನು ಇದನ್ನು ಮೂರು ದನಿಯಲ್ಲಿ ಆಡಿ ತೋರಿಸುತ್ತಿದ್ದೆ.

ಹಳೆಯದನ್ನು ಕಿತ್ತುಹಾಕಲು ಹೋದೆ. ಪಾಸ್‌ವರ್ಡ್ ಕೇಳಿತು. ಸೆಂಟರಿನ ಮಾಲೀಕರು ಶಿವಮೊಗ್ಗದ ದಾರಿಯಲ್ಲಿದ್ದರು, ಫೋನು ಸಿಗಲಿಲ್ಲ. ನನ್ನ ಮೊಬೈಲಿನಿಂದ ನೆಟ್ ಕೊಟ್ಟು ಹೊಸ ದನಿ ಇಳಿಸುತ್ತೇನೆ ಎಂದೆ. ಅಧಿಕಾರಿ ತಲೆಯಾಡಿಸಿದರು. ಅವರೇನೂ ಕೆಟ್ಟವರಲ್ಲ. ಒಬ್ಬರಿಗೆ ಕೊಟ್ಟರೆ ಉಳಿದವರು ಕೇಳುತ್ತಾರೆ, ಹೇಗೂ ಬರೆಯುವವರು ಇದ್ದಾರಲ್ಲ ಅಂದರು. ಕಾಲೇಜು ಹುಡುಗಿ ಪೆನ್ನಿನ ಮುಚ್ಚಳ ತೆಗೆದಳು. ಸವಿತಾ ಆ ಸಣ್ಣ ಸದ್ದು ಕೇಳಿದಳು.

"ಮೇಡಂ, ನಾನು ಬರೆಸಲ್ಲ. ಇಲ್ಲ ಅಂದ್ರೆ ವಾಪಸ್ ಹೋಗ್ತೀನಿ."

ಉಳಿದ ಅಭ್ಯರ್ಥಿಗಳು ಒಳಗೆ ಬರತೊಡಗಿದ್ದರು. ಮೇಡಂ ಕೂತರು. ಇನ್‌ಸ್ಟಾಲರ್ ಹೇಗೆ ನಡೆಯಬೇಕೆಂದು ಹೇಳುವ ಕಡತ ಪೆನ್‌ಡ್ರೈವಿನಲ್ಲೇ ಇತ್ತು. ಅದನ್ನು ತೆರೆದು, ಅಜ್ಜಿಯ ಲೋಟದ ನೀರು ಕುಡಿದು ಬಂದು ಬರೆದ ಆ ಸಾಲನ್ನು ಹುಡುಕಿದರು. ಒಂದು ಕ್ಷಣ ಬೆರಳು ನಿಂತಿತು. ಅಳಿಸಿದರು. ಇನ್ನು ಬುತ್ತಿ ಯಾರನ್ನೂ ಕೇಳುವುದಿಲ್ಲ. ಒಳಕೋಣೆಗೆ ಬೀಗವಿದ್ದರೆ ಜಗಲಿಯಲ್ಲೇ ಒಲೆ ಹೂಡಿದ ಹಾಗೆ, ಪಾಸ್‌ವರ್ಡ್ ಬೇಡದ ಒಂದು ಮೂಲೆ ಹಿಡಿದು, ತನ್ನದೆಲ್ಲವನ್ನೂ ತಾನೇ ಇಳಿಸಿಕೊಳ್ಳುತ್ತದೆ. ಆದರೆ ಇಳಿಸಲು ಹೊತ್ತು ಬೇಕು. ಹೊತ್ತೇ ಇರಲಿಲ್ಲ.

ಹತ್ತಿ ಹತ್ತಿ, ಒಳಗೆ ಜಾಗ ಇದೆ. ಎಷ್ಟು ಇಳಿಯಿತೆಂದು ತೋರಿಸುವ ಹಸಿರು ಪಟ್ಟಿ ಪರದೆಯ ಮೇಲೆ ಹರಿಯತೊಡಗಿತು. ಹರಿಯಿತು ಎನ್ನುವುದು ಉಪಚಾರದ ಮಾತು, ತೆವಳಿತು. ಅಭ್ಯರ್ಥಿಗಳು ಕೂತರು. ಕೋಣೆ ನಿಶ್ಶಬ್ದವಾಯಿತು. ಆ ನಿಶ್ಶಬ್ದದಲ್ಲಿ ನನ್ನ ಗಂಟಲು ಸ್ಪೀಕರಿನಿಂದ ಅರಚಿತು. "ಅರ್ಧ ದಾರಿ ಆಯ್ತು, ಹಿಂದಿನೋರು ಮುಂದೆ ಬನ್ನಿ."

ಎಲ್ಲರೂ ನಕ್ಕರು. ಹಿಂದಿನ ಸಾಲಿನ ಒಬ್ಬ ನಿಜವಾಗಿಯೂ ಎದ್ದು ಮುಂದೆ ಬಂದ. ನನ್ನ ತಮಾಷೆಗೆ ಅಷ್ಟು ಜನ ನಕ್ಕು, ನಾನು ಅಷ್ಟು ಬೆವೆತದ್ದು ಅದೇ ಮೊದಲು. ಅಧಿಕಾರಿ ಇಯರ್‌ಫೋನ್ ಹಾಕಲೇಬೇಕು ಅಂದರು. ಮೇಡಂ ಕಣ್ಣನ್ನು ಪರದೆಯಿಂದ ತೆಗೆಯದೆ ಚೀಲದಲ್ಲಿ ಕೈಯಾಡಿಸಿ ಒಂದನ್ನು ಎತ್ತಿ ಸವಿತಾಳ ಕಿವಿಗೆ ಇಟ್ಟರು. ಅಲ್ಲಿಂದ ಮುಂದೆ ಬುತ್ತಿ ಏನು ಹೇಳುತ್ತಿದೆ ಎನ್ನುವುದು ಅವಳಿಗೆ ಮಾತ್ರ.

ಗಂಟೆ ಹೊಡೆಯಿತು. ಪಟ್ಟಿ ತುಂಬಿರಲಿಲ್ಲ.

"ನೀವಿಬ್ರೂ ಹೊರಗೆ ಬರಬೇಕು" ಅಂದರು ಅಧಿಕಾರಿ.

ಮೇಡಂ ಎದ್ದರು. ಸವಿತಾಳ ಭುಜ ಮುಟ್ಟಲು ಹೋದ ಕೈ ಅರ್ಧದಲ್ಲಿ ನಿಂತಿತು, ಮುಟ್ಟುವಂತಿಲ್ಲ ಎಂದಿದ್ದರಲ್ಲ. ಹೊರಗೆ ವರಾಂಡದಲ್ಲಿ ಒಂದು ಕಿಟಕಿ ಇತ್ತು. ನಾನು ಅದಕ್ಕೆ ಮುಖ ಒತ್ತಿದೆ. ಮೇಡಂ ಕಿಟಕಿಗೆ ಬೆನ್ನು ಹಾಕಿ ರಸ್ತೆಯ ಕಡೆ ನಿಂತರು.

"ಕೂಸು ಎಂತ ಮಾಡ್ತಾ ಇದ್ದು?" ಅಂದರು.

"ಕೂತಿದಾಳೆ ಮೇಡಂ."

"ಕೈ?"

"ಮೇಜಿನ ಮೇಲಿದೆ. ಆಡ್ತಿಲ್ಲ."

ಉಳಿದವರು ಬರೆಯತೊಡಗಿದ್ದರು. ಸವಿತಾ ತಲೆಯನ್ನು ಸ್ವಲ್ಪ ಓರೆ ಮಾಡಿ, ದೂರದ ಬಸ್ಸಿನ ಸದ್ದಿಗೆ ಕಿವಿಗೊಟ್ಟವಳಂತೆ ಕೂತಿದ್ದಳು. ಪಕ್ಕದ ಹುಡುಗಿ ಅವಳನ್ನು, ಗಡಿಯಾರವನ್ನು, ಅಧಿಕಾರಿಯನ್ನು ನೋಡುತ್ತಿದ್ದಳು. ಇದನ್ನೆಲ್ಲ ನಾನು ಮೇಡಂಗೆ ಓದಿ ಹೇಳಿದೆ. ಅಧಿಕಾರಿ ಅತ್ತ ನಡೆದರು ಎಂದೆ. ಅವರು ಬಗ್ಗಿ ಏನೋ ಕೇಳುತ್ತಿದ್ದಾರೆ ಎಂದೆ. ಸವಿತಾ ಕೈ ಎತ್ತಿ, ತಡೀರಿ ಅನ್ನುವ ಹಾಗೆ ಮಾಡಿದಳು ಎಂದೆ. ಯಾರ ದನಿಯನ್ನೂ ಎರವಲು ಪಡೆಯದೆ ಅಷ್ಟು ಹೊತ್ತು ನಾನು ಮಾತಾಡಿದ್ದು ಅವತ್ತೇ ಇರಬೇಕು.

ಆಮೇಲೆ ಸವಿತಾಳ ಕಿರುಬೆರಳು ಎಂಟರ್ ಒತ್ತಿತು.

"ಒತ್ತಿದಳು ಮೇಡಂ."

"ಆಮೇಲೆ?"

ಆಮೇಲೆ ಏನೂ ಇಲ್ಲ. ಮತ್ತೆ ಓರೆ ತಲೆ. ತುಟಿ ಬಿಗಿದಿದೆ. ನನ್ನ ಉಸಿರಿನಿಂದ ಕಿಟಕಿಯ ಗಾಜು ಮಂಜಾಯಿತು, ಅಂಗಿಯ ತೋಳಿನಲ್ಲಿ ಒರೆಸಿದೆ. ಒರೆಸಿ ನೋಡಿದರೆ ಅವಳ ಎರಡೂ ಕೈ ಕೀಬೋರ್ಡಿನ ಮೇಲಿದ್ದವು, ಮತ್ತು ಮುಖದಲ್ಲಿ ನನಗೆ ಚೆನ್ನಾಗಿ ಗೊತ್ತಿದ್ದ ಒಂದು ಅಸಹನೆ, ನಮ್ಮ ತಪ್ಪು ಹಿಡಿಯುವಾಗ ಇರುತ್ತದಲ್ಲ, ಅದು. ಬರೆಯುತ್ತಿದ್ದಳು.

ಹೇಳಿದೆ. ಮೇಡಂ ತಿರುಗಲಿಲ್ಲ. ಚೀಲದಿಂದ ಲೋಟ ತೆಗೆದರು. ನೀರು ತರುವುದನ್ನು ಮರೆತಿದ್ದರು. ಖಾಲಿ ಲೋಟ ಹಿಡಿದುಕೊಂಡೇ ಪರೀಕ್ಷೆ ಮುಗಿಯುವ ತನಕ ನಿಂತಿದ್ದರು.

ಸವಿತಾ ಹೊರಗೆ ಬಂದು, "ಕೊನೇ ಪ್ರಶ್ನೆಗಳಿಗೆ ಟೈಮ್ ಸಾಕಾಗ್ಲಿಲ್ಲ ಮೇಡಂ. ಬರೆದಷ್ಟೂ ನಾನೇ ಬರೆದದ್ದು" ಅಂದಳು. ಬಿಟ್ಟ ಪ್ರಶ್ನೆಗಳಿದ್ದರೂ ಅವಳಿಗೆ ಆ ಕೆಲಸ ಸಿಕ್ಕಿತು. ಈಗ ಹೊಸನಗರದ ಶಾಖೆಯಲ್ಲಿ ಫೋನು ಎತ್ತುತ್ತಾಳೆ. ಕರೆ ಮಾಡಿದವರು ಎರಡನೆಯ ಸಲ ಮಾಡಿದರೆ ದನಿಯಲ್ಲೇ ಗುರುತು ಹಿಡಿಯುತ್ತಾಳೆ. ನಾನು ಬೇರೆ ಬೇರೆ ದನಿಯಲ್ಲಿ ಕರೆ ಮಾಡಿ ನೋಡಿದ್ದೇನೆ. ಪ್ರತಿ ಸಲವೂ, ಅಣ್ಣಾ ಕೆಲಸ ಇಲ್ವಾ, ಎಂದು ಇಡುತ್ತಾಳೆ.

ಅವತ್ತು ವಾಪಸ್ ಬರುವಾಗ ಸವಿತಾ ಹೊಸನಗರದಲ್ಲಿ ಇಳಿದ ಮೇಲೆ ಮೇಡಂ ಬಾಯಿ ಬಿಟ್ಟರು. ನಾನು ಬೈಗುಳಕ್ಕೆ ಸಿದ್ಧನಾಗಿದ್ದೆ.

"ಬುತ್ತಿ ಕಟ್ಟಿ ಕೊಡೋದು ಸುಲಭ ಮಾರಾಯ. ಪಾತ್ರೆ ವಾಪಸ್ ತರೋಕೂ ನಾವೇ ಹೋಗ್ಬೇಕು" ಅಂದರು.

ಹೋದರು ಕೂಡ. ಆಮೇಲಿನ ತಿಂಗಳುಗಳಲ್ಲಿ ಚೀಲ ಹೊತ್ತು, ತಾವು ಎಂದಾದರೂ ಬುತ್ತಿ ಹಾಕಿದ್ದ ಊರುಗಳಿಗೆಲ್ಲ ಹೋಗಿ, ಹಳೆಯದನ್ನು ಕಿತ್ತು ಹೊಸದನ್ನು ಹಾಕಿ ಬಂದರು. ಬ್ಯಾಕೋಡಿನ ಕಡೆಗೆ, ಜೋಗದ ಕಡೆಗೆ, ಎಲ್ಲೆಲ್ಲಿಗೋ. ನಾನು ಜೊತೆಗೆ ಹೋದಾಗಲೆಲ್ಲ ನೋಡಿದೆ, ಈಗ ಯಾರ ಮನೆಯಲ್ಲೂ ತಮ್ಮ ಲೋಟ ತೆಗೆಯುತ್ತಿರಲಿಲ್ಲ. ಆದರೆ ಬುತ್ತಿಗೆ ಆ ಸಾಲು ಮರಳಿ ಬರಲಿಲ್ಲ. ಅಜ್ಜಿಗೆ ಸೋತರು, ನನಗೆ ಸೋಲಲಿಲ್ಲ.

ಇನ್ನೊಂದು ಬದಲಾವಣೆ ಮಾಡಿಸಿದರು. ಮೊದಲ ಮಾತನ್ನು ತೆಗೆಸಿದರು. ನಾನು ಗೋಗರೆದೆ. ಎಲ್ಲ ಇದೆ ಎಂದು ಹೇಳುವ ಧೈರ್ಯ ತೀರ್ಥಹಳ್ಳಿಯ ವರಾಂಡದಲ್ಲೇ ಹೋಯಿತು ಅಂದರು. ಅದರ ಜಾಗದಲ್ಲಿ, ಇದರಲ್ಲಿ ಏನೇನಿದೆ, ಏನೇನಿಲ್ಲ, ಇಲ್ಲದ್ದಕ್ಕೆ ಯಾರನ್ನು ಕೇಳಬೇಕು ಎಂದು ನನ್ನಿಂದಲೇ ಹೇಳಿಸಿದರು. ಕಂಡಕ್ಟರ್ ದನಿ ಬೇಡ, ನಿನ್ನದೇ ಸಾಕು ಅಂದರು. ಹೀಗೆ ಅವರ ದನಿ ಎಲ್ಲ ಕಂಪ್ಯೂಟರುಗಳಿಂದಲೂ ಹೋಯಿತು. ಮೂಲ ಮುದ್ರಣವನ್ನೂ ಅವರು ಉಳಿಸಲಿಲ್ಲ. ಹಳೇದು ಬಿದ್ದಿರಬಾರದು ಎಂದು ನಾನೇ ತಾನೇ ಪಾಠ ಹೇಳಿದ್ದು.

ಶ್ರದ್ಧಾಂಜಲಿ ಸಭೆಯಾದ ಮೇಲಿನ ವಾರ ಹೊಸನಗರಕ್ಕೆ ಹೋಗಿದ್ದೆ. ಸವಿತಾಳ ಸ್ವಂತ ಲ್ಯಾಪ್‌ಟಾಪಿಗೆ ಹೊಸ ಆವೃತ್ತಿ ಹಾಕಬೇಕಿತ್ತು. ಸಭೆಯಲ್ಲಿ ನನ್ನ ಬಾಯಿಗೆ ಪ್ರಿನ್ಸಿಪಾಲರು ಬಂದುಹೋದ ಕಥೆ ಅವಳಿಗೆ ಆಗಲೇ ಯಾರೋ ಹೇಳಿದ್ದರು. ಚೆನ್ನಾಗಿ ಗೇಲಿ ಮಾಡಿದಳು. ನಾನು ಪೆನ್‌ಡ್ರೈವ್ ತೆಗೆದಾಗ ಮಾತ್ರ ನಗು ನಿಲ್ಲಿಸಿದಳು.

"ಹೊಸದು ಹಾಕಿ ಅಣ್ಣಾ. ಹಳೇದನ್ನ ಮುಟ್ಟಬೇಡಿ."

ಯಾವ ಹಳೇದು, ಮೇಡಂ ಎಲ್ಲರದ್ದನ್ನೂ ತೆಗೆದಿದ್ದರಲ್ಲ ಎಂದೆ.

"ನಂದನ್ನ ನಾನೇ ಅಳಿಸ್ತೀನಿ ಅಂದಿದ್ದೆ. ಅಳಿಸ್ದೆ ಅಂತ ಅವರತ್ರ ಸುಳ್ಳು ಹೇಳ್ದೆ."

ಲ್ಯಾಪ್‌ಟಾಪನ್ನು ತನ್ನ ಕಡೆ ಎಳೆದುಕೊಂಡಳು. ಬೆರಳು ಎಲ್ಲಿಗೆ ಹೋಗಬೇಕೋ ಅಲ್ಲಿಗೆ ತಡವರಿಸದೆ ಹೋಯಿತು.

"ಹೆದ್ರಡ, ಎಲ್ಲ ಇದ್ರಲ್ಲೇ ಇದ್ದು."

ಕೊನೆಯಲ್ಲಿ ಟೈಲರನ ಯಂತ್ರ ಒಂದು ಸುತ್ತು ತಿರುಗಿದ ಸದ್ದು. ಆಮೇಲೆ ಇನ್‌ಸ್ಟಾಲರ್ ಕಾಯುತ್ತ ನಿಂತಿತು.

ಸವಿತಾ ಎಂಟರ್ ಒತ್ತಲಿಲ್ಲ. ಒತ್ತಿದರೆ ಮುಂದಿನ ದನಿ ನನ್ನದು.